ಸಸಿಮಡಿಯ ಪಾಲು

ಅಮೆರಿಕದ ಕಾಲೇಜು ಫುಟ್‌ಬಾಲಿನ ಸುದ್ದಿಯನ್ನೋದಿದಾಗಲೆಲ್ಲ ನನಗೆ ಭತ್ತದ ಸಸಿಮಡಿ ನೆನಪಾಗುತ್ತದೆ. ಅಲ್ಲಿ ಮೊಳೆತ ಸಸಿ ತೆನೆಬಿಡುವುದು ಬೇರೆ ಗದ್ದೆಯಲ್ಲಿ.

ಟೆಕ್ಸಾಸಿನ ಕ್ಯಾಮ್ ವಾರ್ಡ್ ಶಾಲೆ ಮುಗಿಸಿದಾಗ ವಿದ್ಯಾರ್ಥಿವೇತನವಿತ್ತು ಕರೆದುದು ಸಾನ್ ಆಂಟೋನಿಯೋದ ಇನ್ಕಾರ್ನೇಟ್ ವರ್ಡ್ ಎಂಬ ಸಣ್ಣ ವಿಶ್ವವಿದ್ಯಾಲಯವೊಂದೇ. ಅಲ್ಲಿ ಪಳಗಿದ ಅವನು 2022ರಲ್ಲಿ ತನ್ನ ತರಬೇತುದಾರರ ಹಿಂದೆಯೇ ವಾಷಿಂಗ್ಟನ್ ಸ್ಟೇಟಿಗೂ, 2024ರಲ್ಲಿ ಮಯಾಮಿಗೂ ಹೋದನು. 2025ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊದಲಿಗನಾದನು.

2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದು. ಅದೇ ವರ್ಷ, ಆಟದಿಂದ ಹೊರಗುಳಿಯದೆ ಒಮ್ಮೆ ಕಾಲೇಜು ಬದಲಿಸುವ ಅನುಮತಿಯೂ ದೊರೆಯಿತು. ದೊಡ್ಡ ಕಾಲೇಜಿನ ಅಭಿಮಾನಿಗಳೂ ವರ್ತಕರೂ ಹಣದ ಚೀಲ ಬಿಚ್ಚಿದರೆ ಸಣ್ಣ ಕಾಲೇಜು ಎದುರು ನಿಲ್ಲಲಾರದು. ಹುಡುಗನನ್ನು ಬೆಳೆಸಿದ ಕಾಲೇಜಿಗೆ ಪರಿಹಾರ ಕೊಡಬೇಕೆಂಬ ನಿಯಮವೂ ಇಲ್ಲ.

ಹುಡುಗನು ತನ್ನ ಬೆವರಿಗೆ ಬೆಲೆ ಪಡೆದರೆ ನಾನು ತಪ್ಪೆನ್ನಲಾರೆ. ಅವನ ಆಟದಿಂದ ಕಾಲೇಜುಗಳು ಬಹುಕಾಲ ಗಳಿಸಿದುವು. ಅವನಿಗೆ ದಕ್ಕಿದ್ದು ವಿದ್ಯಾರ್ಥಿವೇತನವಷ್ಟೇ. ನನ್ನ ಚಿಂತೆಯೇ ಬೇರೆ. ಬೆಳೆಸಿದವನು ನಿಲ್ಲುವುದಿಲ್ಲವೆಂದು ಬೇಸತ್ತ ಸಣ್ಣ ಕಾಲೇಜುಗಳೂ ಶಾಲೆಯ ಮೈದಾನಗಳನ್ನು ತೊರೆದು, ಬೇರೆಡೆ ಪಳಗಿದವರನ್ನೇ ಅರಸತೊಡಗಿದರೆ, ಯಾರೂ ಕರೆಯದ ಮುಂದಿನ ವಾರ್ಡನನ್ನು ಗುರುತಿಸುವವರು ಯಾರು? ಮಡಿಗೆ ನೀರು ಹಾಯಿಸುವವನೇ ಇಲ್ಲದಿದ್ದರೆ, ದೊಡ್ಡ ಗದ್ದೆಗೂ ನಾಟಿಯಿಲ್ಲ.