ಪ್ರಮಾಣಪತ್ರಕ್ಕಿಂತ ಮೊದಲು ಅನುಭವ

ಕೋಲಾರ ಸೀಮೆಗೆ ಸಲಹಾವೃತ್ತಿ ಹೊಸತಲ್ಲ. 1880ರ ದಶಕದಿಂದ ಇಲ್ಲಿಯ ಚಿನ್ನದ ಗಣಿಗಳ ಆಡಳಿತ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಗಣಿತಜ್ಞರ ಸಲಹಾಸಂಸ್ಥೆಯೇ ಆಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯೆಳೆದು ಆ ಗಣಿಗಳಿಗೆ ವಿದ್ಯುತ್ತು ತಂದುದು ವೇಳೆ, ವೆಚ್ಚ, ಜನಬಲಗಳನ್ನು ಹೊಂದಿಸಿದ ಯೋಜನಾ ನಿರ್ವಹಣೆಯೇ ಸರಿ.

ಇಂದು ಆ ವಿದ್ಯೆಗೆ ಪಿಎಂಪಿ ಎಂಬ ಪ್ರಮಾಣಪತ್ರವುಂಟು. ಸಲಹಾಸಂಸ್ಥೆಗಳಲ್ಲಿ ಅದಕ್ಕೆ ಮನ್ನಣೆಯೂ ಉಂಟು. ಆದರೆ ನಾಲ್ಕು ವರ್ಷದ ಪದವೀಧರರೂ 36 ತಿಂಗಳು ಯೋಜನೆಗಳನ್ನು ಮುನ್ನಡೆಸಿರಬೇಕೆಂಬುದು ಅದರ ನಿಯಮ. ಆದುದರಿಂದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತಂದೆತಾಯಿಗಳು ಮಕ್ಕಳ ಪದವಿ ಮುಗಿದೊಡನೆಯೇ ಸಾಲಮಾಡಿ ಇದಕ್ಕೆ ಶುಲ್ಕ ಕಟ್ಟುವುದು ತರವಲ್ಲವೆಂದು ನಾವು ಭಾವಿಸುತ್ತೇವೆ. ಮಕ್ಕಳು ಮೊದಲು ನರಸಾಪುರದ ಕಾರ್ಖಾನೆಯಲ್ಲೋ ಊರಿನ ಕೆರೆಯ ಕಾಮಗಾರಿಯಲ್ಲೋ ಹೊಣೆ ಹೊರಲಿ. ಕಾಯಕದಲ್ಲಿ ಪಳಗಿದವರ ಸಲಹೆಗೇ ಬೆಲೆ.