ಮಗುವಿನ ಅಗಲಿಕೆ, ಹಿರಿಯರ ಆರೈಕೆ

ಮಗು ತೀರಿಕೊಂಡ ಮನೆಯಲ್ಲಿ ವಯಸ್ಸಾದ ತಂದೆತಾಯಿಯೂ ಇದ್ದರೆ ನಡುವಿನ ತಲೆಮಾರಿನ ಗಂಡಹೆಂಡತಿಯ ಮೇಲೆ ಒಟ್ಟಿಗೇ ಎರಡು ಭಾರ ಬೀಳುತ್ತದೆ. ಒಡಲ ಸಂಕಟವನ್ನು ತಾಳಿಕೊಳ್ಳಬೇಕು. ಹಿರಿಯರ ಊಟ, ಗುಳಿಗೆ, ಸ್ನಾನ, ಆಸ್ಪತ್ರೆಯ ತಿರುಗಾಟವೂ ತಪ್ಪಬಾರದು. ಸಂಕಟ ಇಂಥ ದಿನಕ್ಕೆ ಮುಗಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಸಕ್ಕರೆ ಕಾಯಿಲೆಯ ಮುದುಕಿಯ ಊಟವನ್ನು ಒಂದು ಹೊತ್ತು ಮುಂದೂಡಲೂ ಆಗುವುದಿಲ್ಲ.

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ಈ ಭಾರಕ್ಕೆ ಇನ್ನೊಂದು ಮುಖವಿದೆ. ಇಲ್ಲಿನ ಬೇಸಾಯ ಬಹುಪಾಲು ಮಳೆಯನ್ನು ನಂಬಿದ್ದು. ಮಳೆ ಕೈಕೊಟ್ಟ ವರ್ಷ ದುಡಿಯುವವರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೋಗುತ್ತಾರೆ. ಮಕ್ಕಳು ಊರಲ್ಲಿ ಅಜ್ಜ ಅಜ್ಜಿಯ ಬಳಿ ಉಳಿಯುತ್ತಾರೆ. ಅಂಥ ಹೊತ್ತಿನಲ್ಲಿ ಜ್ವರಕ್ಕೋ ಹಾವಿನ ಕಡಿತಕ್ಕೋ ಕೃಷಿ ಹೊಂಡದ ನೀರಿಗೋ ಮಗು ಬಲಿಯಾದರೆ, ‘ಬಿಟ್ಟು ಹೋಗಬಾರದಿತ್ತು’ ಎಂಬ ಕೊರಗು ತಂದೆತಾಯಿಗೆ, ‘ನಮ್ಮ ಕೈಯಾಗ ಕೊಟ್ಟಿದ್ದರು, ನಾವು ಉಳಿಸಲಿಲ್ಲ’ ಎಂಬ ಕೊರಗು ಮುದುಕರಿಗೆ. ಎರಡೂ ಕಡೆಯವರು ಬಾಯಿ ಬಿಡುವುದಿಲ್ಲ. ಆರೈಕೆ ಕೆಡುವುದು ಬಹಳ ಸಲ ಈ ಮೌನದಿಂದ. ಸೊಸೆ ತಟ್ಟೆಯನ್ನು ಮಾತಿಲ್ಲದೆ ಮುಂದಿಟ್ಟು ಹೋಗುತ್ತಾಳೆ, ಅತ್ತೆ ಅದನ್ನು ಶಿಕ್ಷೆಯೆಂದೇ ತಿಳಿದು ಅರ್ಧ ಊಟಕ್ಕೆ ಏಳುತ್ತಾಳೆ. ‘ಇದರಾಗ ನಿನ್ನ ತಪ್ಪಿಲ್ಲವ್ವಾ’ ಎಂಬ ಒಂದು ಮಾತನ್ನು ಮಗ ಬಾಯಿ ಬಿಟ್ಟು ಆಡಿದರೆ ಮನೆಯ ಬಿಗಿ ಎಷ್ಟೋ ಸಡಿಲವಾಗುತ್ತದೆ. ಮನದಲ್ಲಿ ಇನ್ನೂ ಸಿಟ್ಟು ಉಳಿದಿದ್ದರೆ ಅದನ್ನು ಹೇಳಿಕೊಳ್ಳಲು ಹಿರಿಯರಲ್ಲದ ಬೇರೆ ಕಿವಿಯೊಂದು ಬೇಕು: ಅಣ್ಣತಮ್ಮಂದಿರು, ಗೆಳತಿ, ಇಲ್ಲವೇ ವೈದ್ಯರು.

ದುಃಖ ಮೈಯನ್ನೂ ಹಿಡಿಯುತ್ತದೆ. ನಿದ್ದೆ ಹಾರುತ್ತದೆ, ಹಸಿವು ಇಂಗುತ್ತದೆ, ಗಮನ ನಿಲ್ಲುವುದಿಲ್ಲ. ಆರೈಕೆ ಮಾಡುವವರಲ್ಲಿ ಇದು ನೇರವಾಗಿ ಅಪಾಯ ತರುತ್ತದೆ; ಬೆಳಗಿನ ಗುಳಿಗೆ ಕೊಟ್ಟೆವೋ ಇಲ್ಲವೋ ಎಂಬುದೇ ಮರೆತುಹೋಗಿ ಎರಡು ಸಲ ಕೊಡುವುದುಂಟು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರ ಸಾವಿನ ಪ್ರಮಾಣವನ್ನು ಡೆನ್ಮಾರ್ಕಿನಲ್ಲಿ ದಾಖಲೆಗಳಿಂದ ಅಳೆದಾಗ, ಅದು ಇತರರಿಗಿಂತ ಹೆಚ್ಚೆಂದೂ ತಾಯಂದಿರಲ್ಲಿ ಈ ಹೆಚ್ಚಳ ಎದ್ದು ಕಾಣುತ್ತದೆಂದೂ 2003ರಲ್ಲಿ ತಿಳಿದುಬಂತು. ಆದ್ದರಿಂದ ‘ಅವಳು ಗಟ್ಟಿಗಿತ್ತಿ, ಎಲ್ಲ ನೋಡಿಕೊಳ್ಳುತ್ತಾಳೆ’ ಎಂದು ನೆಂಟರು ಹೊಗಳಿ ಹೊರಟುಬಿಡುವುದು ಸಲ್ಲದು. ಆ ತಾಯಿಯ ಬಿಪಿಯನ್ನೂ ಯಾರಾದರೂ ನೋಡಿಸಬೇಕು.

ಶೋಕದ ಬಗೆಗಿನ ತಿಳಿವಳಿಕೆ ಕಳೆದ ಶತಮಾನದಲ್ಲಿ ಬಹಳ ಬದಲಾಗಿದೆ. ಹೋದವರಿಂದ ಮನಸ್ಸನ್ನು ಮೆಲ್ಲಗೆ ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಬರೆದಿದ್ದರು. 1920ರಲ್ಲಿ ಅವರ ಮಗಳು ಸೋಫಿ ತೀರಿಕೊಂಡಳು. 1923ರಲ್ಲಿ ಆಕೆಯ ಪುಟ್ಟ ಮಗನೂ ಹೋದ. ಆಗ ಫ್ರಾಯ್ಡರ ತಾಯಿ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 1930ರಲ್ಲಿ, 95ನೆಯ ವಯಸ್ಸಿನಲ್ಲಿ. ತನ್ನ ಸಾವಿನ ಸುದ್ದಿಯನ್ನು ತಾಯಿ ಕೇಳುವಂತಾಗಬಾರದು ಎಂಬ ಭಯ ಫ್ರಾಯ್ಡರನ್ನು ಆವರೆಗೂ ಕಾಡಿತ್ತು. ಸೋಫಿ ಹೋಗಿ ಒಂಬತ್ತು ವರ್ಷವಾದ ಮೇಲೆ ಮಗನನ್ನು ಕಳೆದುಕೊಂಡ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ, ಆ ಜಾಗ ಎಂದೂ ತುಂಬುವುದಿಲ್ಲವೆಂದು ಅವರೇ ಒಪ್ಪಿಕೊಂಡರು. ಪುತ್ರಶೋಕ ನಿರಂತರವೆಂದು ನಮ್ಮ ಹಿರಿಯರು ಹೇಳುವುದೂ ಇದನ್ನೇ.

1999ರಲ್ಲಿ ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಮುಂದಿಟ್ಟ ವಿವರಣೆ ಇಂಥ ಮನೆಗಳಿಗೆ ಹೆಚ್ಚು ಒಪ್ಪುತ್ತದೆ. ಅವರ ಪ್ರಕಾರ ದುಃಖಿತರ ಮನಸ್ಸು ಎರಡು ಕಡೆಗೆ ಓಲಾಡುತ್ತದೆ: ಒಮ್ಮೆ ಹೋದ ಜೀವದ ನೆನಪಿಗೆ, ಒಮ್ಮೆ ಉಳಿದ ಬದುಕಿನ ಕೆಲಸಕ್ಕೆ. ಈ ಓಲಾಟ ಆರೋಗ್ಯದ ಗುರುತು. ಅವ್ವನ ಕಾಲಿಗೆ ಎಣ್ಣೆ ಹಚ್ಚುವಾಗ ಸ್ವಲ್ಪ ಹೊತ್ತು ಮಗನ ನೆನಪು ಸರಿದರೆ ಅದು ಮಗನಿಗೆ ಬಗೆದ ದ್ರೋಹವಲ್ಲ. ಹಾಗೆಯೇ ಅಳು ಒತ್ತಿ ಬಂದಾಗ ಹಿರಿಯರ ಕೆಲಸವನ್ನು ಅರ್ಧ ಗಂಟೆ ಇನ್ನೊಬ್ಬರ ಕೈಗೆ ಕೊಟ್ಟು ಹಿತ್ತಲಿಗೆ ಹೋದರೆ ಅದು ಹೊಣೆಗೇಡಿತನವೂ ಅಲ್ಲ. ಆರೈಕೆಯ ಕೆಲಸ ದಿನಕ್ಕೊಂದು ಕ್ರಮ ಕೊಟ್ಟು ಕೈ ಹಿಡಿಯಬಲ್ಲದು. ಅಳಲು ಎಡೆಯನ್ನೇ ಉಳಿಸದಷ್ಟು ಹೆಚ್ಚಿದರೆ ಅದೇ ಕೆಲಸ ಮನುಷ್ಯರನ್ನು ಮುರಿಯುತ್ತದೆ.

ಹಿರಿಯರನ್ನು ಬರಿಯ ಹೊರೆಯಾಗಿ ಎಣಿಸುವುದು ಈ ವಿಷಯದಲ್ಲಿ ನಡೆಯುವ ದೊಡ್ಡ ತಪ್ಪು. ಅವರದು ಇಮ್ಮಡಿ ದುಃಖ. ಮೊಮ್ಮಗು ಹೋಯಿತೆಂಬುದು ಒಂದು, ಹೆತ್ತ ಮಗ ಕಣ್ಣೆದುರೇ ಕುಸಿಯುತ್ತಿದ್ದಾನೆಂಬುದು ಇನ್ನೊಂದು. ‘ದೇವರು ನನ್ನನ್ನ ಒಯ್ಯಬಾರದಿತ್ತೇ’ ಎಂದು ಅವರು ಮತ್ತೆಮತ್ತೆ ಅನ್ನುತ್ತಾರೆ. ಸಾವಿನ ಸುದ್ದಿಯನ್ನು ಅವರಿಂದ ಮುಚ್ಚಿಡುವ ರೂಢಿ ಕೆಲವು ಮನೆಗಳಲ್ಲಿದೆ. ಅದು ಒಳ್ಳೆಯದಲ್ಲ, ಮನೆಯವರ ಮುಖ ನೋಡಿಯೇ ಅವರಿಗೆ ತಿಳಿಯುತ್ತದೆ, ಒಂಟಿಯಾಗಿ ನೋಯುತ್ತಾರೆ. ಹತ್ತಿರದವರೊಬ್ಬರು ಪಕ್ಕದಲ್ಲಿ ಕೂತು ಚಿಕ್ಕ, ನೇರ ಮಾತಿನಲ್ಲಿ ಹೇಳಬೇಕು. ಮರೆವಿನ ಕಾಯಿಲೆಯವರ ಮಾತು ಬೇರೆ. ‘ಹುಡುಗ ಸಾಲೀಲಿಂದ ಬಂದನೇನು’ ಎಂದು ದಿನವೂ ಕೇಳುವ ಅಜ್ಜನಿಗೆ ಪ್ರತಿ ಸಲ ಸಾವನ್ನು ಹೊಸದಾಗಿ ತಿಳಿಸಿ ಅಳಿಸುವುದರಿಂದ ಪ್ರಯೋಜನವಿಲ್ಲ. ಹುಡುಗನ ಬಗ್ಗೆ ಎರಡು ಮಾತಾಡಿ ಗಮನವನ್ನು ಬೇರೆಡೆಗೆ ತಿರುಗಿಸಬಹುದು. ಹೆತ್ತವರಿಗೆ ಆ ಪ್ರಶ್ನೆ ತಾಳಲಾರದ್ದಾದರೆ ಅಜ್ಜನ ಬಳಿ ಕೂರುವ ಕೆಲಸವನ್ನು ಕೆಲ ದಿನ ಬೇರೆಯವರು ವಹಿಸಿಕೊಳ್ಳಬೇಕು. ಮೈಯಲ್ಲಿ ಕಸುವಿರುವ ಹಿರಿಯರಿಗೆ ಮನೆಯ ಸಣ್ಣಪುಟ್ಟ ಕೆಲಸವನ್ನೂ ಉಳಿದ ಮಕ್ಕಳನ್ನು ನೋಡಿಕೊಳ್ಳುವುದನ್ನೂ ಬಿಟ್ಟುಕೊಡುವುದು ಒಳಿತು.

ಗಂಡಹೆಂಡತಿ ಒಂದೇ ಬಗೆಯಲ್ಲಿ ದುಃಖಿಸುವುದಿಲ್ಲ. ಒಬ್ಬರು ಅತ್ತು ಮಾತಾಡಿದರೆ ಇನ್ನೊಬ್ಬರು ಹೊಲದ ಕೆಲಸದಲ್ಲಿ ಮುಳುಗಬಹುದು. ಕೆಲಸದಲ್ಲಿ ಮುಳುಗಿದವರಿಗೆ ನೋವಿಲ್ಲವೆಂದಲ್ಲ. ಹಲವು ಮಕ್ಕಳನ್ನು ಕಳೆದುಕೊಂಡ ದ.ರಾ. ಬೇಂದ್ರೆ, ಮಗು ತೀರಿಕೊಂಡಾಗ ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನ ಸ್ಥಿತಿಯನ್ನೇ ಕವನವಾಗಿಸಿದರು. ಆರೈಕೆಯ ಹೆಚ್ಚಿನ ಪಾಲು ಸೊಸೆಯ ಮೇಲೇ ಬೀಳುತ್ತದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮಗುವನ್ನು ಕಳೆದುಕೊಂಡವಳಿಗೆ ತವರಿಗೆ ಹೋಗಿ ನಾಲ್ಕು ದಿನ ಇರಬೇಕೆನಿಸಿದರೆ, ಅತ್ತೆಮಾವನ ಹೊಣೆಯನ್ನು ಮಗ ಮತ್ತು ಹೆಣ್ಣುಮಕ್ಕಳು ಹೊರುವುದು ನ್ಯಾಯ.

ಸಾವಿನ ಮನೆಯಲ್ಲಿ ಒಲೆ ಹಚ್ಚದಿರುವುದು, ನೆರೆಯವರು ಬೀಗರು ಬುತ್ತಿ ತರುವುದು, ಮಾತಾಡಿಸಿಕೊಂಡು ಹೋಗಲು ಜನ ಬರುವುದು ಈ ಸೀಮೆಯ ಒಳ್ಳೆಯ ನಡವಳಿಕೆಗಳು. ದಿನ ಕಾರ್ಯ ಮುಗಿದ ಕೂಡಲೇ ಅವು ನಿಂತುಬಿಡುತ್ತವೆ. ನೆರವು ಹೆಚ್ಚು ಬೇಕಾಗುವುದು ಅದರ ಮುಂದಿನ ತಿಂಗಳುಗಳಲ್ಲಿ. ವಾರಕ್ಕೊಂದು ದಿನ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ನ್ಯಾಯಬೆಲೆ ಅಂಗಡಿಯಿಂದ ರೇಷನ್ ತರುವುದು, ಮರಣದ ನೋಂದಣಿಯನ್ನು 21 ದಿನದೊಳಗೆ ಮಾಡಿಸಿಕೊಡುವುದು, ಇಂಥವು ಸಮಾಧಾನದ ಮಾತಿಗಿಂತ ಹೆಚ್ಚು ಬೆಲೆಯುಳ್ಳವು.

ಕೆಲವರಲ್ಲಿ ದುಃಖ ಗಟ್ಟಿಯಾಗಿ ಕೂತುಬಿಡುತ್ತದೆ. ತೀವ್ರ ಹಂಬಲ ಆರು ತಿಂಗಳು ಮೀರಿ ಮುಂದುವರಿದು ದಿನದ ಬದುಕು ನಡೆಯದಂತಾದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸುತ್ತದೆ. ‘ನಾನೂ ಅವನ ಹಿಂದೇ ಹೋಗುತ್ತೇನೆ’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಹಳ್ಳಿಯ ವೈದ್ಯರೇ ಮನಸ್ಸಿನ ಕಾಯಿಲೆ ನೋಡುವಂತಾಗಬೇಕು ಎಂಬ ಪ್ರಯೋಗ ದೇಶದಲ್ಲಿ ಜಿಲ್ಲಾ ಮಟ್ಟದಲ್ಲಿ ಬೆಳೆದದ್ದು ಇದೇ ನೆಲದಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ಹರಪನಹಳ್ಳಿ, ಕೂಡ್ಲಿಗಿಯ ಈ ಸೀಮೆಯೆಲ್ಲ ಆಗ ಆ ಜಿಲ್ಲೆಯಲ್ಲೇ ಇತ್ತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದರ ಮೇಲೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಹಣವಿಲ್ಲದೆ ಮಾತಾಡಬಹುದು. ಹಿರಿಯರ ತೊಂದರೆಗೆ 14567 ಇದೆ.

ಇದ್ದೊಬ್ಬ ಮಗ ಹೋದ ಮನೆಯಲ್ಲಿ ‘ಮುಂದೆ ನಮಗ್ಯಾರು’ ಎಂಬ ಅಂಜಿಕೆ ದುಃಖದೊಳಗೇ ಬೆರೆತಿರುತ್ತದೆ. ಹಾಗೆ ಅಂಜುವುದರಲ್ಲಿ ಸ್ವಾರ್ಥವೇನಿಲ್ಲ, ಅದಕ್ಕೆ ಕಾನೂನಿನಲ್ಲಿ ಉತ್ತರವೂ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಂತೆ ಹೆಣ್ಣುಮಕ್ಕಳೂ ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಜೀವನಾಂಶಕ್ಕೆ ಹೊಣೆಗಾರರು. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಿ, ಅವರ ಹೊಲಮನೆಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರು ಅವರನ್ನು ಸಾಕಬೇಕು. ಅರ್ಜಿಯನ್ನು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹಿರಿಯರು ತಾವೇ ಸಲ್ಲಿಸಬಹುದು.