ಸೊಸೈಟಿ ಸಾಫ್ಟ್‌ವೇರ್: ಕಂಪನಿ ಬದಲಿಸಿದ್ರೆ ಲೆಕ್ಕ ಕೈಗೆ ಸಿಗುತ್ತಾ?

ಶಿರಸಿ: ಸೆಪ್ಟೆಂಬರ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರಿ ಸಂಘಗಳಲ್ಲಿ ಮಹಾಸಭೆಯ ಗಡಿಬಿಡಿ. ಡಿವಿಡೆಂಡ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಸಾಫ್ಟ್‌ವೇರ್ ನಿರ್ವಹಣೆಗೆ ಹೋದ ದುಡ್ಡಿನ ಬಗ್ಗೆ ಕೇಳುವವರು ಕಡಿಮೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ವಿಷಯ ಬೇರೆ. 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿತ್ತು. ಅಲ್ಲಿ ಇಡೀ ದೇಶಕ್ಕೆ ಒಂದೇ ಸಾಫ್ಟ್‌ವೇರ್. ಸೌಹಾರ್ದ ಸಹಕಾರಿಗಳು ಮಾತ್ರ ತಮ್ಮದನ್ನು ತಾವೇ ಆರಿಸಿಕೊಳ್ಳಬೇಕು. ಎಡವಟ್ಟಾಗೋದು ಇಲ್ಲೇ.

ಕೌಂಟರ್‌ನಲ್ಲಿ ಖಾತೆ ನಂಬರ್ ಹೊಡೀತಾರಲ್ಲ, ಅದನ್ನು ತಗೊಂಡು ಲೆಕ್ಕದ ಪ್ರೋಗ್ರಾಂ ಓಡಿಸಿ, ಉತ್ತರವನ್ನು ಪರದೆಗೆ ತಂದು ಹಾಕೋದು ವೆಬ್ ಅಪ್ಲಿಕೇಶನ್ ಸರ್ವರ್. ಒರಾಕಲ್‌ನ ವೆಬ್‌ಲಾಜಿಕ್ ದುಡ್ಡು ಕೊಟ್ಟು ತಗೊಳ್ಳುವಂಥದ್ದು. ಅಪಾಚೆ ಟಾಮ್‌ಕ್ಯಾಟ್ ಪುಕ್ಕಟೆ. ಪ್ರೋಗ್ರಾಂ ಬರೆದವರು ಎಲ್ಲ ಸರ್ವರ್‌ಗೂ ಒಪ್ಪುವ ಜಾವಾ ನಿಯಮದಲ್ಲೇ ಬರೆದಿದ್ದರೆ ಒಂದರಿಂದ ಇನ್ನೊಂದಕ್ಕೆ ಸಾಗಿಸಬಹುದು. ಒಂದೇ ಕಂಪನಿಯ ವಿಶೇಷ ಸೌಲಭ್ಯ ನೆಚ್ಚಿಕೊಂಡು ಬರೆದಿದ್ದರೆ, ಬಿಟ್ಟು ಹೊರಡುವ ದಿನ ಅಷ್ಟನ್ನೂ ಹೊಸದಾಗಿ ಬರೆಸಬೇಕು.

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಮುಂಗಡ ಕೊಟ್ಟ ಸಾಹುಕಾರನಿಗೇ ಅಡಿಕೆ ಹಾಕಬೇಕಿತ್ತು, ಅವನು ಹೇಳಿದ್ದೇ ದರ. ಮಾಲು ನಮ್ಮದೇ, ಆದ್ರೆ ಬೇರೆ ಕಡೆ ಒಯ್ಯುವ ಹಾಗಿರಲಿಲ್ಲ. ಸಾಫ್ಟ್‌ವೇರ್‌ನವರು ಇದಕ್ಕೆ ಲಾಕ್-ಇನ್ ಅಂತಾರೆ.

ಇವತ್ತು ಒಪ್ಪಿದ ಕಂಪನಿ ನಾಳೆ ಇನ್ನೊಬ್ಬರ ಕೈಗೆ ಹೋಗಬಹುದು. ವೆಬ್‌ಲಾಜಿಕ್ ಮೊದಲು ಬಿಇಎ ಎಂಬ ಕಂಪನಿಯದ್ದಾಗಿತ್ತು, 2008ರಲ್ಲಿ ಒರಾಕಲ್ ಅದನ್ನು ಕೊಂಡಿತು. 2023ರಲ್ಲಿ ಒರಾಕಲ್ ತನ್ನ ಜಾವಾ ಚಂದಾದ ದರವನ್ನು ಒಟ್ಟು ನೌಕರರ ಲೆಕ್ಕಕ್ಕೆ ಬದಲಿಸಿತು. ಜಾವಾ ಬಳಸದ ನೌಕರರೂ ಆ ಲೆಕ್ಕದಲ್ಲಿ ಸೇರ್ತಾರೆ!

ಹಾಗಂತ ಪುಕ್ಕಟೆಯದ್ದು ತಗೊಂಡ್ರೆ ಮುಗೀತು ಅಂತಲ್ಲ. ಟಾಮ್‌ಕ್ಯಾಟ್ 9ರಿಂದ 10ಕ್ಕೆ ಹೋಗುವಾಗ ‘ಜಾವಾಎಕ್ಸ್’ ಎಂಬ ಹೆಸರು ‘ಜಕಾರ್ತಾ’ ಆಯ್ತು, ಹಳೆ ಪ್ರೋಗ್ರಾಂಗಳನ್ನು ತಿದ್ದಲೇಬೇಕಾಯ್ತು. ಮಳೆಗಾಲದಲ್ಲಿ ಸರ್ವರ್ ಕೈಕೊಟ್ಟರೆ ರಿಪೇರಿಗೆ ಯಾರು ಬರ್ತಾರೆ? ಸರ್ವರ್ ಗೊತ್ತಿರುವ ಒಬ್ಬ ಹುಡುಗನನ್ನೂ ಇಟ್ಟುಕೊಳ್ಳಲಾಗದ ಸಣ್ಣ ಸೊಸೈಟಿಗೆ, ಸಪೋರ್ಟ್ ಸಮೇತ ಸಿಗುವ ಪ್ಯಾಕೇಜೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಕಟ್ಟು ಬೀಳೋದು ತಪ್ಪಲ್ಲ, ಬಿಚ್ಚಲು ಎಷ್ಟು ಖರ್ಚು ಅಂತ ಮೊದಲೇ ಗೊತ್ತಿರಬೇಕು ಅಷ್ಟೇ.

ಅದಕ್ಕೆ ಕರಾರಿನಲ್ಲೇ ಬರೆಸಿಕೊಳ್ಳಿ: ಕೆಲಸ ಬಿಡಿಸಿದ ಮೇಲೆ ಸದಸ್ಯರ ಖಾತೆ, ಸಾಲ, ಠೇವಣಿಯ ಪೂರ್ತಿ ವಿವರವನ್ನು ಬೇರೆಯವರೂ ಓದಬಲ್ಲ ರೂಪದಲ್ಲಿ, ಎಷ್ಟು ದಿನದೊಳಗೆ, ಎಷ್ಟು ದುಡ್ಡಿಗೆ ಕೊಡ್ತಾರೆ? ಪಿಡಿಎಫ್ ಕೊಟ್ಟರೆ ಒಪ್ಪಬೇಡಿ, ಅದರಿಂದ ಹೊಸ ಸಾಫ್ಟ್‌ವೇರ್‌ಗೆ ಲೆಕ್ಕ ಹತ್ತಿಸೋದು ದೊಡ್ಡ ಕಿರಿಕಿರಿ. ಡೇಟಾಬೇಸ್‌ನ ಪಾಸ್‌ವರ್ಡ್ ಕಂಪನಿಯ ಹತ್ತಿರ ಮಾತ್ರವಾ, ಸಂಘದಲ್ಲೂ ಇದೆಯಾ ಕೇಳಿ. ವರ್ಷಕ್ಕೊಮ್ಮೆಯಾದರೂ ಬ್ಯಾಕಪ್ ತಗೊಂಡು, ಕಂಪನಿಯದಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ತೆರೆಸಿ, ನಾಲ್ಕು ಖಾತೆಯ ಬಾಕಿಯನ್ನು ಪಾಸ್‌ಬುಕ್ ಜೊತೆ ತಾಳೆ ನೋಡಿ.